ರಿಕ್ಷಾದಿಂದ ಇಳಿದುಹೋದ ಮನುಷ್ಯ

ಬೆಂಗಳೂರಿನಲ್ಲಿ ಕೈ ಅಡ್ಡ ಹಾಕಿ 'ಆಟೋ, ಮೆಜೆಸ್ಟಿಕ್ ಬರ್ತೀರಾ?' ಎಂದು ಕೇಳುವಾಗ ಒಂದು ಜಪಾನಿ ಪದವನ್ನು ನುಂಗಿಯೇ ಮಾತಾಡಿರುತ್ತೇವೆ. ಆಟೋರಿಕ್ಷಾದಲ್ಲಿರುವ 'ರಿಕ್ಷಾ' ಇಂಗ್ಲಿಷಿನ ಮೂಲಕ ಬಂದ ಜಪಾನಿ ಮಾತು. ಪೂರ್ತಿ ಹೆಸರು 'ಜಿನ್‌ರಿಕಿಶಾ': ಜಿನ್ ಎಂದರೆ ಮನುಷ್ಯ, ರಿಕಿ ಎಂದರೆ ಬಲ, ಶಾ ಎಂದರೆ ಗಾಡಿ.

1869ರ ಸುಮಾರಿಗೆ ಟೋಕಿಯೊದಲ್ಲಿ ಹುಟ್ಟಿದ ಈ ಎರಡು ಚಕ್ರದ ಗಾಡಿಗೆ ಮರುವರ್ಷ ಸರ್ಕಾರದ ಪರವಾನಗಿ ಸಿಕ್ಕಿತು. ಅದಕ್ಕೆ ಮುಂಚೆ ಊರಲ್ಲಿ ಓಡಾಡುತ್ತಿದ್ದದ್ದು 'ಕಾಗೊ' ಎಂಬ ಪಲ್ಲಕ್ಕಿ. ಅದನ್ನು ಹೊರಲು ಇಬ್ಬರು ಬೇಕು; ರಿಕ್ಷಾ ಎಳೆಯಲು ಒಬ್ಬ ಸಾಕು. ಗಾಡಿ ಬೇಗನೆ ಶಾಂಘೈ, ಸಿಂಗಪುರ, ಶಿಮ್ಲಾ ಮುಟ್ಟಿತು. ಇಂಗ್ಲಿಷರ ಬಾಯಿಗೆ ಬಿದ್ದ ಹೆಸರು ಮಾತ್ರ ತಲೆ ಕಳೆದುಕೊಂಡಿತು. 'ಜಿನ್' ಉದುರಿಹೋಯಿತು. ಎಳೆಯುವವನು ಮುಂದೆ ಬೆವರು ಸುರಿಸುತ್ತಲೇ ಇದ್ದ, ಹೆಸರಿನಿಂದ ಇಳಿದುಹೋದ ಅಷ್ಟೇ. ಆಮೇಲೆ ಸೈಕಲ್ ಸೇರಿತು, ಎಂಜಿನ್ ಸೇರಿತು. ಮಂಗಳೂರು, ಉಡುಪಿ ಕಡೆ ಇನ್ನೂ 'ರಿಕ್ಷಾ' ಎನ್ನುತ್ತಾರೆ. ಬೆಂಗಳೂರಿನವರು ಅದನ್ನೂ ಬಿಟ್ಟು, 'ತಾನೇ' ಎಂಬರ್ಥದ ಗ್ರೀಕ್ 'ಆಟೋ'ವನ್ನಷ್ಟೇ ಇಟ್ಟುಕೊಂಡೆವು.

ಭಾರಿ ಉದ್ಯಮಿಗೆ ಇಂಗ್ಲಿಷಿನಲ್ಲಿ ಹೇಳುವ 'ಟೈಕೂನ್' ಕೂಡ ಜಪಾನಿ ಮಾತೇ; ಅದು ಹುಟ್ಟಿದ್ದು ದೊಡ್ಡಸ್ತಿಕೆಯ ಪೇಚಿನಲ್ಲಿ. ಎಡೊದಲ್ಲಿ, ಅಂದರೆ ಈಗಿನ ಟೋಕಿಯೊದಲ್ಲಿ, ಕೂತು ಜಪಾನನ್ನು ಆಳುತ್ತಿದ್ದವನು ಶೋಗನ್, ಅಂದರೆ ಸೇನಾಪತಿ. ಪರದೇಶದವರ ಮುಂದೆ ಆ ಹೆಸರು ಸಣ್ಣದಾಯಿತು. ಚಕ್ರವರ್ತಿ ಎನ್ನೋಣವೆಂದರೆ ಆತ ಕ್ಯೋಟೊದಲ್ಲಿ ಕೂತಿದ್ದಾನೆ. ಅದಕ್ಕೇ 'ತೈಕುನ್', ಮಹಾಪ್ರಭು. 1853ರಲ್ಲಿ ಅಮೆರಿಕದ ನೌಕಾಧಿಕಾರಿ ಪೆರಿ ಯುದ್ಧನೌಕೆಗಳೊಂದಿಗೆ ಬಂದು ಬಾಗಿಲು ತಟ್ಟಿದ ಮೇಲೆ ಪದ ಹಡಗು ಹತ್ತಿತು. ಲಿಂಕನ್ನರ ಕಾರ್ಯದರ್ಶಿ ಜಾನ್ ಹೇ ತಮ್ಮ ದಿನಚರಿಯಲ್ಲಿ ಅಧ್ಯಕ್ಷರನ್ನೇ ತಮಾಷೆಗೆ 'ಟೈಕೂನ್' ಎಂದು ಬರೆದುಕೊಂಡರು. ಶೋಗನರ ಆಳ್ವಿಕೆ 1868ರ ಹೊತ್ತಿಗೆ ಮುಗಿಯಿತು. ವಾರಸುದಾರರಿಲ್ಲದ ಬಿರುದನ್ನು 20ನೇ ಶತಮಾನದಲ್ಲಿ ಕೋಟ್ಯಧಿಪತಿಗಳು ಹೊತ್ತುಕೊಂಡರು.

'ಎಮೋಜಿ' ಕೇಳಿದವರಿಗೆ ಇಂಗ್ಲಿಷಿನ 'ಎಮೋಷನ್' ನೆನಪಾಗುವುದು ಸಹಜ, ಆದರೆ ಎರಡಕ್ಕೂ ನಂಟಿಲ್ಲ. 'ಎ' ಎಂದರೆ ಚಿತ್ರ, 'ಮೊಜಿ' ಎಂದರೆ ಅಕ್ಷರ. ನಗುಮುಖವಿರಲಿ, ಬದನೆಕಾಯಿ ಇರಲಿ, ಎಲ್ಲವೂ ಚಿತ್ರಾಕ್ಷರವೇ. ಧ್ವನಿಮುದ್ರಿತ ಸಂಗೀತಕ್ಕೆ ದನಿಗೂಡಿಸಿ ಹಾಡುವ 'ಕರಾಓಕೆ'ಯದು ತವರಿಗೆ ಮರಳಿದ ಮಗಳ ಕತೆ: 'ಕರಾ' ಎಂದರೆ ಖಾಲಿ, 'ಓಕೆ' ಎನ್ನುವುದು ಜಪಾನಿಯರು ಮೊಟಕು ಮಾಡಿಕೊಂಡ 'ಆರ್ಕೆಸ್ಟ್ರಾ'. ವಾದ್ಯದವರಿಲ್ಲದ ವಾದ್ಯಗೋಷ್ಠಿ ಎಂದು ಅರ್ಥ. ಇಂಗ್ಲಿಷ್ ಕೊಟ್ಟಿದ್ದ ಪದ ಗುರುತೇ ಸಿಗದಂತೆ ಇಂಗ್ಲಿಷಿಗೆ ವಾಪಸ್ ಬಂದಿದೆ.

ಇಂಥದ್ದೇ ಸುತ್ತು ನಮ್ಮದೂ ಒಂದಿದೆ. ಸಂಸ್ಕೃತದ 'ಧ್ಯಾನ' ಬೌದ್ಧರ ಜತೆ ಚೀನಾಕ್ಕೆ ಹೋಗಿ 'ಚಾನ್' ಆಯಿತು, ಜಪಾನಿನಲ್ಲಿ 'ಝೆನ್' ಆಯಿತು, ಇಂಗ್ಲಿಷ್ ಹಿಡಿದು ಮನೆಗೆ ಬಂತು. ಈಗ 'ಝೆನ್ ಧ್ಯಾನ' ಎಂದರೆ ಧ್ಯಾನ ಧ್ಯಾನ ಎಂದಂತೆ. 'ನಡುಮಧ್ಯೆ' ಎನ್ನುವ ನಮಗೆ ಅದೇನೂ ಹೊಸದಲ್ಲ ಬಿಡಿ.