ಸಾಯದ ಬ್ರೌಸರ್, ಮೂಡದ ಕಿಟಕಿ

ಜೂನ್ ಬಂತೆಂದರೆ ಹಾಸನದ ಆನ್‌ಲೈನ್ ಸೇವೆಯ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜಾತಿ-ಆದಾಯ ಪ್ರಮಾಣಪತ್ರ, ಕಾಲೇಜಿನ ಅರ್ಜಿ, ವಿದ್ಯಾರ್ಥಿವೇತನ, ಪಹಣಿ ಎಲ್ಲವೂ ಒಂದೇ ಬ್ರೌಸರ್ ಮೂಲಕ ಆಗಬೇಕು. ಆಲೂರಿನಿಂದಲೋ ಅರಕಲಗೂಡಿನಿಂದಲೋ ಬೆಳಗಿನ ಬಸ್ಸಿಗೆ ಬಂದವರು ಸಾಲಿನಲ್ಲಿ ನಿಂತಿರುವಾಗಲೇ ಆ ಬ್ರೌಸರ್ ಬಿಳಿಚಿಕೊಂಡು ಕುಳಿತುಬಿಡುತ್ತದೆ. ಅಂಗಡಿಯವರು ಅದನ್ನು ಮುಚ್ಚಿ ಐಕಾನನ್ನು ಮತ್ತೆ ಒತ್ತುತ್ತಾರೆ. ಏನೂ ಆಗುವುದಿಲ್ಲ. ಇನ್ನೊಮ್ಮೆ ಒತ್ತುತ್ತಾರೆ, ಆಮೇಲೆ ಸಿಟ್ಟಿನಿಂದ ಪಟಪಟನೆ ಒತ್ತುತ್ತಾರೆ. ಕೊನೆಗೆ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ತೀರ್ಪು ಹೊರಬೀಳುತ್ತದೆ. ಪಾಪ, ಸರ್ವರ್ ಬೆಂಗಳೂರಿನಲ್ಲಿ ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡಿರಬಹುದು.

ಬ್ರೌಸರ್ ತೆರೆಯುತ್ತಿಲ್ಲ ಎಂಬ ಮಾತು ಬಹಳ ಸಲ ನಿಜವಲ್ಲ. ಅದು ಆಗಲೇ ತೆರೆದಿದೆ. ಹಳೆಯದು ಇನ್ನೂ ಮುಗಿದಿಲ್ಲವಾದ್ದರಿಂದ ಹೊಸದಕ್ಕೆ ಪ್ರವೇಶವಿಲ್ಲ. ವಿಂಡೋಸ್ ಕಂಪ್ಯೂಟರಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರ ಪಟ್ಟಿಯಲ್ಲಿ ಕೆಳಕ್ಕೆ ಸರಿದು ನೋಡಿ: ಪರದೆಯ ಮೇಲೆ ಎಲ್ಲಿಯೂ ಕಾಣದ ಫೈರ್‌ಫಾಕ್ಸ್ ಬ್ರೌಸರ್ ಅಲ್ಲಿ ನೂರಾರು ಎಂಬಿ ಮೆಮೊರಿ ಹಿಡಿದುಕೊಂಡು ಕುಳಿತಿರುತ್ತದೆ. ಕಿಟಕಿ ಹೋಗಿದೆ, ಪ್ರಕ್ರಿಯೆ (ಪ್ರೋಸೆಸ್), ಅಂದರೆ ಒಳಗೆ ಓಡುತ್ತಿರುವ ಪ್ರೋಗ್ರಾಮು, ಉಳಿದಿದೆ. ‘ಫೈರ್‌ಫಾಕ್ಸ್ ಈಗಾಗಲೇ ಓಡುತ್ತಿದೆ, ಆದರೆ ಸ್ಪಂದಿಸುತ್ತಿಲ್ಲ’ ಎಂಬರ್ಥದ ಸಂದೇಶ ಹೇಳುವುದೂ ಇದನ್ನೇ. ಅದನ್ನು ಓದದೆ ಸರಿ ಎಂದು ಒತ್ತುವುದು ನಮ್ಮೆಲ್ಲರ ಚಾಳಿ.

ಹಳೆಯದಿದ್ದರೆ ಹೊಸದಕ್ಕೇನು ಅಡ್ಡಿ? ನಿಮ್ಮ ಬುಕ್‌ಮಾರ್ಕ್, ಪಾಸ್‌ವರ್ಡ್, ಕುಕಿ (ಜಾಲತಾಣಗಳು ಬಿಟ್ಟುಹೋಗುವ ಗುರುತು), ನೋಡಿದ ಪುಟಗಳ ಇತಿಹಾಸ ಎಲ್ಲವನ್ನೂ ಬ್ರೌಸರ್ ‘ಪ್ರೊಫೈಲ್’ ಎಂಬ ಒಂದು ಫೋಲ್ಡರ್‌ನಲ್ಲಿ ಇಟ್ಟುಕೊಳ್ಳುತ್ತದೆ. ಎರಡು ಪ್ರಕ್ರಿಯೆಗಳು ಏಕಕಾಲಕ್ಕೆ ಅದರಲ್ಲಿ ಬರೆಯತೊಡಗಿದರೆ ಎರಡರ ಬರವಣಿಗೆಯೂ ಕೆಡುತ್ತದೆ. ಆದ್ದರಿಂದ ಮೊದಲು ಬಂದದ್ದು ಬೀಗ ಹಾಕಿಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಫೈರ್‌ಫಾಕ್ಸ್‌ನ ಆ ಬೀಗದ ಹೆಸರು ‘ಪೇರೆಂಟ್ ಡಾಟ್ ಲಾಕ್’. ಈ ಫೈಲನ್ನು ಹುಡುಕಿ ಅಳಿಸಿಬಿಡಿ ಎಂಬ ಸಲಹೆ ಬಹಳ ಪ್ರಚಾರದಲ್ಲಿದೆ. ಆದರೆ ಫೈಲ್ ಅಲ್ಲಿರುವುದೇ ಬೀಗವಲ್ಲ, ಜೀವಂತ ಪ್ರಕ್ರಿಯೆಯೊಂದು ಅದನ್ನು ಹಿಡಿದುಕೊಂಡಿರುವುದು ಬೀಗ. ಹೊರಗಿನ ಬೀಗವಾದರೆ ಮುರಿಯಬಹುದು, ಇದು ಒಳಗಿನಿಂದ ಹಾಕಿಕೊಂಡ ಚಿಲಕ. ಒಳಗಿರುವವರು ಹೊರಬಂದರೆ ತಾನಾಗಿಯೇ ತೆಗೆದುಕೊಳ್ಳುತ್ತದೆ. ವಿಂಡೋಸ್ ಬದಲು ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ ಕ್ರೋಮ್ ಬ್ರೌಸರ್ ಇನ್ನಷ್ಟು ಸೂಕ್ಷ್ಮ. ಅದು ತನ್ನ ಬೀಗದಲ್ಲಿ ಕಂಪ್ಯೂಟರಿನ ಹೆಸರನ್ನೂ ಪ್ರಕ್ರಿಯೆಯ ಸಂಖ್ಯೆಯನ್ನೂ ಬರೆದಿಡುತ್ತದೆ. ಕ್ರೋಮ್ ಅರ್ಧಕ್ಕೆ ನಿಂತು ಬೀಗ ಉಳಿದುಹೋಗಿ, ಅಷ್ಟರಲ್ಲಿ ನೀವು ಕಂಪ್ಯೂಟರಿಗೆ ಬೇರೆ ಹೆಸರಿಟ್ಟರೆ, ‘ಈ ಪ್ರೊಫೈಲನ್ನು ಇನ್ನೊಂದು ಕಂಪ್ಯೂಟರ್ ಬಳಸುತ್ತಿದೆ’ ಎಂದು ಅದು ಬಾಗಿಲಲ್ಲೇ ನಿಲ್ಲಿಸುತ್ತದೆ. ಆಗ ಮಾತ್ರ ಆ ಬೀಗವನ್ನು ಕೈಯಾರೆ ಅಳಿಸುವುದು ಸರಿಯಾದ ಮದ್ದು.

ಇನ್ನು ಆ ಬಿಳಿಚಿಕೊಂಡ ಕಿಟಕಿಯ ವಿಷಯ. ಮೌಸ್‌ನ ಪ್ರತಿ ಒತ್ತು, ಕೀಲಿಯ ಪ್ರತಿ ಬಡಿತ ಒಂದೊಂದು ಸಂದೇಶವಾಗಿ ಸಾಲುಗಟ್ಟುತ್ತದೆ. ಪ್ರೋಗ್ರಾಮಿನ ಮುಖ್ಯ ಥ್ರೆಡ್ (ಒಂದಾದ ಮೇಲೊಂದು ಕೆಲಸ ಮಾಡುತ್ತ ಹೋಗುವ ಎಳೆ) ಆ ಸಾಲಿನಿಂದ ಒಂದೊಂದನ್ನೇ ಎತ್ತಿಕೊಂಡು ಕೆಲಸ ಮುಗಿಸಬೇಕು. ಚಿತ್ರ ಬರೆಯುವುದೂ ಅದರ ಪಾಲಿನದೇ. ಅದು ಬೇರೆ ಯಾವುದಕ್ಕೋ ಕಾಯುತ್ತ ಐದು ಸೆಕೆಂಡು ಸಾಲಿನ ಕಡೆ ತಿರುಗಿ ನೋಡದಿದ್ದರೆ ವಿಂಡೋಸ್ ಅದನ್ನು ‘ಹ್ಯಾಂಗ್’ ಎಂದು ಪರಿಗಣಿಸುತ್ತದೆ. ಪರಿಗಣಿಸಿ ಸುಮ್ಮನಿರುವುದಿಲ್ಲ. ಬ್ರೌಸರ್‌ನ ಕಿಟಕಿಯನ್ನು ಮರೆಮಾಡಿ, ಅದೇ ಜಾಗದಲ್ಲಿ ಅದೇ ಅಳತೆಯ ನಕಲಿ ಕಿಟಕಿಯೊಂದನ್ನು ತಾನೇ ಬರೆದು, ಶೀರ್ಷಿಕೆಗೆ ‘ನಾಟ್ ರೆಸ್ಪಾಂಡಿಂಗ್’ ಎಂದು ಸೇರಿಸುತ್ತದೆ. ವಿಂಡೋಸ್ ಬರೆದವರು ಇದನ್ನು ಭೂತದ ಕಿಟಕಿ ಎಂದೇ ಕರೆದಿದ್ದಾರೆ. ನೀವು ಎಳೆದಾಡುವುದು, ಬೈಯುವುದು, ಮುಚ್ಚಲು ಹೆಣಗುವುದು ಎಲ್ಲವೂ ಆ ಭೂತದೊಡನೆ. ಅಸಲಿ ಬ್ರೌಸರ್ ಹಿಂದೆ ಎಲ್ಲೋ ತನ್ನ ಚಿಂತೆಯಲ್ಲಿದೆ.

ಐದು ಸೆಕೆಂಡು ಎಂಬುದು ವಿಜ್ಞಾನವಲ್ಲ, ಅಂದಾಜು. ಕಾರಣ ಮೂಲಭೂತವಾದದ್ದು. ಒಂದು ಪ್ರೋಗ್ರಾಮು ನಿಧಾನವಾಗಿ ಮುಗಿಯಲಿದೆಯೋ ಅಥವಾ ಎಂದೆಂದಿಗೂ ಮುಗಿಯದೆ ಸುತ್ತುತ್ತಿದೆಯೋ ಎಂದು ಎಲ್ಲ ಸಂದರ್ಭಗಳಲ್ಲೂ ತಪ್ಪಿಲ್ಲದೆ ಹೇಳಬಲ್ಲ ವಿಧಾನ ಇರಲು ಸಾಧ್ಯವೇ ಇಲ್ಲ. ಬ್ರಿಟಿಷ್ ಗಣಿತಜ್ಞ ಆಲನ್ ಟ್ಯೂರಿಂಗ್ ಅವರ 1936ರ ಪ್ರಬಂಧದಿಂದ ಹೊರಡುವ ತೀರ್ಮಾನವಿದು. ಆಗಿನ್ನೂ ಇಂದಿನ ಅರ್ಥದ ಕಂಪ್ಯೂಟರೇ ಹುಟ್ಟಿರಲಿಲ್ಲ. ತಿಳಿಯಲಾಗದ್ದನ್ನು ಎಂಜಿನಿಯರುಗಳು ಗಡುವು ಹಾಕಿ ನಿಭಾಯಿಸುತ್ತಾರೆ: ಇಷ್ಟು ಹೊತ್ತು ಕಾಯುವುದು, ಆಮೇಲೂ ಸದ್ದಿಲ್ಲದಿದ್ದರೆ ಸತ್ತಿತೆಂದು ಬಗೆಯುವುದು.

ಸಾಲಗಾಮೆ ರಸ್ತೆಯಲ್ಲಿ ಓಡಾಡುವವರಿಗೆ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಗೊತ್ತು. 1982ರಲ್ಲಿ ಆರಂಭವಾದ ಅಲ್ಲಿಂದಲೇ ಸುಮಾರು 36,000 ಕಿಲೋಮೀಟರ್ ಎತ್ತರದ ಭೂಸ್ಥಿರ ಉಪಗ್ರಹಗಳ ಮೇಲೆ ನಿಗಾ ಇಡುತ್ತಾರೆ. ಆ ಎತ್ತರದಲ್ಲಿ ಕಂಪ್ಯೂಟರ್ ಹ್ಯಾಂಗ್ ಆದರೆ ಹೋಗಿ ಸ್ವಿಚ್ ಆರಿಸುವವರು ಯಾರು? ಅದಕ್ಕೇ ಬಾಹ್ಯಾಕಾಶ ಯಂತ್ರಗಳಲ್ಲಿ ‘ವಾಚ್‌ಡಾಗ್ ಟೈಮರ್’ ಇಡುವುದು ವಾಡಿಕೆ. ಮುಖ್ಯ ಪ್ರೋಗ್ರಾಮು ಆಗಾಗ ‘ಇದ್ದೇನೆ’ ಎಂದು ಅದಕ್ಕೆ ಹೇಳುತ್ತಿರಬೇಕು. ಹೇಳದಿದ್ದರೆ ಅದು ಇಡೀ ಕಂಪ್ಯೂಟರನ್ನು ಮರುಚಾಲನೆ ಮಾಡುತ್ತದೆ. 1997ರ ಜುಲೈ 4ರಂದು ಮಂಗಳನ ಮೇಲಿಳಿದ ನಾಸಾದ ಪಾತ್‌ಫೈಂಡರ್ ಕೆಲವೇ ದಿನಗಳಲ್ಲಿ ಮತ್ತೆ ಮತ್ತೆ ಮರುಚಾಲನೆಗೊಳ್ಳತೊಡಗಿತು. ಹವಾಮಾನದ ಮಾಹಿತಿ ಸಂಗ್ರಹಿಸುವ ಕಡಿಮೆ ಆದ್ಯತೆಯ ಕೆಲಸವೊಂದು ಬೀಗ ಹಿಡಿದುಕೊಂಡಿತ್ತು. ಅದೇ ಬೀಗಕ್ಕೆ ಅತಿ ಮುಖ್ಯ ಕೆಲಸವೊಂದು ಕಾಯುತ್ತಿತ್ತು. ನಡುವೆ ಮಧ್ಯಮ ಆದ್ಯತೆಯ ಕೆಲಸ ನುಗ್ಗಿ ಬೀಗ ಹಿಡಿದವನನ್ನು ಮುಂದೆ ಸಾಗಲು ಬಿಡುತ್ತಿರಲಿಲ್ಲ. ಮುಖ್ಯ ಕೆಲಸ ಹೊತ್ತಿಗೆ ಸರಿಯಾಗಿ ಮುಗಿಯದ್ದನ್ನು ಕಂಡು ವಾಚ್‌ಡಾಗ್ ಎಲ್ಲವನ್ನೂ ಹೊಸದಾಗಿ ಶುರುಮಾಡುತ್ತಿತ್ತು. ಎಂಜಿನಿಯರುಗಳು ಭೂಮಿಯಿಂದಲೇ ಒಂದು ಸಣ್ಣ ಬದಲಾವಣೆ ಕಳಿಸಿ ಅದನ್ನು ಸರಿಪಡಿಸಿದರು.

ಫೈರ್‌ಫಾಕ್ಸ್‌ನ ಒಳಗೂ ಇಂಥದೊಂದು ಕಾವಲಿದೆ. ಕಿಟಕಿ ಮುಚ್ಚಿದ ಮೇಲೆ ಅದಕ್ಕೆ ಇನ್ನೂ ಕೆಲಸವಿರುತ್ತದೆ: ಇತಿಹಾಸ ಬರೆಯಬೇಕು, ತೆರೆದಿದ್ದ ಟ್ಯಾಬ್‌ಗಳನ್ನು ನೆನಪಿಡಬೇಕು, ನೀವು ಸೇರಿಸಿದ ಎಕ್ಸ್‌ಟೆನ್ಶನ್‌ಗಳಿಗೆ (ಬ್ರೌಸರಿಗೆ ಅಂಟಿಸಿಕೊಂಡ ಸಣ್ಣ ಪ್ರೋಗ್ರಾಮುಗಳಿಗೆ) ವಿದಾಯ ಹೇಳಬೇಕು. ಇದೆಲ್ಲ ಸುಮಾರು ಒಂದು ನಿಮಿಷದಲ್ಲಿ ಮುಗಿಯದಿದ್ದರೆ ಅದು ತನ್ನನ್ನು ತಾನೇ ಕೊಂದುಕೊಳ್ಳುತ್ತದೆ. ಹೀಗಾಗಿ ಬ್ರೌಸರ್ ಮುಚ್ಚಿದ ಮೇಲೆ ಐಕಾನ್ ಮುಟ್ಟದೆ ಒಂದೂವರೆ ನಿಮಿಷ ಕಾಯುವುದು ಅಷ್ಟೇನೂ ಸೋಮಾರಿ ಸಲಹೆಯಲ್ಲ. ಅದಾದ ಮೇಲೂ ಟಾಸ್ಕ್ ಮ್ಯಾನೇಜರಿನಲ್ಲಿ ಹೆಸರು ಉಳಿದಿದ್ದರೆ, ಅದನ್ನು ಆಯ್ದುಕೊಂಡು ‘ಎಂಡ್ ಟಾಸ್ಕ್’ ಒತ್ತಿ. ನಾನು ನೋಡಿದ ಮಟ್ಟಿಗೆ ಅರ್ಧಕ್ಕರ್ಧ ರೋಗ ಇಲ್ಲಿಗೇ ವಾಸಿಯಾಗುತ್ತದೆ.

ಆದರೆ ಮುಖ್ಯ ಥ್ರೆಡ್ ಯಾವುದಕ್ಕಾಗಿ ಕಾಯುತ್ತಿತ್ತು? ಅಂಗಡಿಗಳ ಹಳೆಯ ಕಂಪ್ಯೂಟರುಗಳಲ್ಲಿ ಉತ್ತರ ಸಾಮಾನ್ಯವಾಗಿ ಹಾರ್ಡ್ ಡಿಸ್ಕ್. 4 ಜಿಬಿ ಮೆಮೊರಿ, ತಿರುಗುವ ಡಿಸ್ಕ್, ಹತ್ತಿಪ್ಪತ್ತು ಟ್ಯಾಬ್. ಮೆಮೊರಿ ತುಂಬಿದಾಗ ವಿಂಡೋಸ್ ಅದರ ಒಂದಷ್ಟು ಭಾಗವನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮರಳಿ ತರುತ್ತದೆ. ಮೆಮೊರಿಯಿಂದ ಓದಲು ಸುಮಾರು 100 ನ್ಯಾನೊಸೆಕೆಂಡು ಸಾಕು. ತಿರುಗುವ ಡಿಸ್ಕಿನ ಸೂಜಿ ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಿ ಓದಲು ಸುಮಾರು 10 ಮಿಲಿಸೆಕೆಂಡು ಬೇಕು. ಅಂದರೆ ಲಕ್ಷ ಪಟ್ಟು. ಈ ಸಾಗಾಟವೇ ಕೆಲಸವಾಗಿ, ನಿಜವಾದ ಕೆಲಸ ನಿಂತೇಹೋಗುವ ಸ್ಥಿತಿಯನ್ನು ಅಮೆರಿಕದ ಪೀಟರ್ ಡೆನಿಂಗ್ 1968ರಲ್ಲೇ ವಿವರಿಸಿದ್ದರು. ಕಂಪ್ಯೂಟರ್ ಪೆಟ್ಟಿಗೆಯ ಕೆಂಪು ದೀಪ ಆರದೆ ಮಿನುಗುತ್ತಿದ್ದು, ಮೌಸ್ ತಡೆತಡೆದು ಚಲಿಸುತ್ತಿದ್ದರೆ ಇದೇ ಎಂದು ತಿಳಿಯಿರಿ. ಅಂಥ ಹೊತ್ತಿನಲ್ಲಿ ಐಕಾನನ್ನು ಪದೇ ಪದೇ ಒತ್ತುವುದು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ: ಪ್ರತಿ ಒತ್ತಿಗೂ ಇನ್ನೊಂದು ಪ್ರಕ್ರಿಯೆ ಹುಟ್ಟಿ, ಬೀಗ ಕಂಡು ಹಿಂದಿರುಗಲು ಅದೇ ಡಿಸ್ಕಿನ ಮುಂದೆ ಸಾಲು ನಿಲ್ಲುತ್ತದೆ.

ಬ್ರೌಸರುಗಳು ಯಾಕಿಷ್ಟು ದಪ್ಪಗಾದವು ಎಂಬುದಕ್ಕೆ ಗೌರವಾನ್ವಿತ ಕಾರಣವೇ ಇದೆ. ಒಂದು ಕಾಲದಲ್ಲಿ ಇಡೀ ಬ್ರೌಸರ್ ಒಂದೇ ಪ್ರಕ್ರಿಯೆಯಾಗಿತ್ತು. ಒಂದು ಕೆಟ್ಟ ಪುಟ ಎಲ್ಲವನ್ನೂ ಮುಳುಗಿಸುತ್ತಿತ್ತು. 2008ರ ಸೆಪ್ಟೆಂಬರಿನಲ್ಲಿ ಬಂದ ಕ್ರೋಮ್ ಪುಟಗಳನ್ನು ಬೇರೆ ಬೇರೆ ಪ್ರಕ್ರಿಯೆಗಳಿಗೆ ಹಂಚಿತು, ಫೈರ್‌ಫಾಕ್ಸ್ 2016ರಲ್ಲಿ ಆ ದಾರಿ ಹಿಡಿಯಿತು. 2018ರ ಆರಂಭದಲ್ಲಿ ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷ ಬಯಲಾದ ಮೇಲೆ ಒಂದು ಜಾಲತಾಣದ ಗುಟ್ಟು ಇನ್ನೊಂದಕ್ಕೆ ಸೋರದಂತೆ ತಾಣಕ್ಕೊಂದು ಪ್ರಕ್ರಿಯೆ ಬೇಕಾಯಿತು. ಬ್ಯಾಂಕಿನ ಪಾಸ್‌ವರ್ಡ್ ಉಳಿಯುವುದಾದರೆ ಈ ಬೆಲೆ ಹೆಚ್ಚಲ್ಲ. ಹಳೆಯ ಕಂಪ್ಯೂಟರಿಗೆ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸುವುದು ಯಾವ ತಂತ್ರಕ್ಕಿಂತಲೂ ಉಪಕಾರಿ. ಇದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಕ್ಲೀನರ್ ಹೆಸರಿನ ತಂತ್ರಾಂಶಕ್ಕಾದರೆ ದುಡ್ಡು ಕೊಡುತ್ತಾರೆ.

ಸಕಲೇಶಪುರದ ಕಡೆ ಮಳೆಗಾಲದಲ್ಲಿ ಮತ್ತೊಂದು ಕಾರಣವಿದೆ. ಗಾಳಿಗೆ ಮರ ಬಿದ್ದು ಕರೆಂಟು ಹೋಗುತ್ತದೆ, ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿರುತ್ತದೆ. ಬರೆಯುತ್ತಿದ್ದ ಫೈಲ್ ಅರ್ಧಕ್ಕೆ ನಿಲ್ಲುತ್ತದೆ. ಫೈರ್‌ಫಾಕ್ಸ್ ತನ್ನ ಇತಿಹಾಸವನ್ನೂ ಬುಕ್‌ಮಾರ್ಕುಗಳನ್ನೂ ಇಡುವುದು ಎಸ್‌ಕ್ಯೂಲೈಟ್ ಎಂಬ ದತ್ತಸಂಚಯದಲ್ಲಿ. ಇದು 2000ದಲ್ಲಿ ಹೊರಬಂದದ್ದು, ನಿಮ್ಮ ಮೊಬೈಲಿನಲ್ಲೂ ಇದೆ. ಬದಲಾವಣೆಯನ್ನು ಮೊದಲು ಪಕ್ಕದ ದಾಖಲೆಯಲ್ಲಿ ಗುರುತು ಹಾಕಿಕೊಂಡೇ ಅದು ಮೂಲಕ್ಕೆ ಕೈಹಾಕುವುದರಿಂದ, ಕರೆಂಟು ಹೋದರೂ ಮುಂದಿನ ಸಲ ಸುಧಾರಿಸಿಕೊಳ್ಳುತ್ತದೆ. ಹಾಗಿದ್ದೂ ಡಿಸ್ಕ್ ಕೈಕೊಟ್ಟರೆ ಪ್ರೊಫೈಲ್ ಕೆಡಬಹುದು.

ಕೆಟ್ಟದ್ದು ಪ್ರೊಫೈಲ್ ಆಗಿದ್ದರೆ ಬ್ರೌಸರನ್ನು ತೆಗೆದು ಮತ್ತೆ ಹಾಕುವುದರಿಂದ ಪ್ರಯೋಜನ ಸೊನ್ನೆ. ಪ್ರೊಫೈಲ್ ಇರುವುದು ಬೇರೆ ಜಾಗದಲ್ಲಿ. ಹೊಸ ಬ್ರೌಸರ್ ಬಂದು ಅದೇ ಹಳೆಯ ಫೋಲ್ಡರನ್ನು ಎತ್ತಿಕೊಳ್ಳುತ್ತದೆ. ಅದಕ್ಕಿಂತ ಶಿಫ್ಟ್ ಕೀಲಿ ಒತ್ತಿ ಹಿಡಿದು ಫೈರ್‌ಫಾಕ್ಸ್ ಐಕಾನ್ ಒತ್ತಿ. ಎಕ್ಸ್‌ಟೆನ್ಶನ್ ಮತ್ತು ಗ್ರಾಫಿಕ್ಸ್ ವೇಗವರ್ಧನೆಯನ್ನು ಬದಿಗಿಟ್ಟು ಅದು ತೆರೆಯುತ್ತದೆ. ತೆರೆದರೆ ಅಪರಾಧಿ ಬಹುಮಟ್ಟಿಗೆ ಅವೆರಡರಲ್ಲೊಂದು. ತೆರೆಯದಿದ್ದರೆ ಪ್ರೊಫೈಲ್ ಮ್ಯಾನೇಜರಿನಲ್ಲಿ ಹೊಸ ಪ್ರೊಫೈಲ್ ಮಾಡಿ ನೋಡಬೇಕು. ಹಳೆಯದನ್ನು ಅಳಿಸುವ ಆತುರ ಬೇಡ, ಪಾಸ್‌ವರ್ಡ್‌ಗಳು ಅದರೊಳಗಿವೆ. ಹಾಗೆಯೇ ಕಂಪ್ಯೂಟರನ್ನು ‘ಶಟ್ ಡೌನ್’ ಮಾಡಿ ಹೊತ್ತಿಸುವುದು ಪೂರ್ತಿ ಮರುಚಾಲನೆಯಲ್ಲ: ವಿಂಡೋಸ್ 8ರಿಂದೀಚೆಗೆ, ಬೇಗ ಹೊತ್ತಿಕೊಳ್ಳಲೆಂದು, ಅದು ತನ್ನ ತಿರುಳನ್ನೂ ಡ್ರೈವರುಗಳನ್ನೂ (ಯಂತ್ರಾಂಶವನ್ನು ನಡೆಸುವ ತಂತ್ರಾಂಶಗಳನ್ನೂ) ಡಿಸ್ಕಿನಲ್ಲಿ ಉಳಿಸಿಕೊಂಡೇ ಆರುತ್ತದೆ. ಗ್ರಾಫಿಕ್ಸ್ ಡ್ರೈವರ್ ಸಿಕ್ಕಿಕೊಂಡಿದ್ದರೆ ‘ರೀಸ್ಟಾರ್ಟ್’ ಒತ್ತಬೇಕು.

ನಿಮ್ಮ ಕಂಪ್ಯೂಟರಿನಲ್ಲಿ ಏನೂ ಕೆಡದೆಯೂ ಹೀಗಾಗುವುದುಂಟು. 2022ರ ಜನವರಿ 13ರಂದು ಜಗತ್ತಿನಾದ್ಯಂತ ಫೈರ್‌ಫಾಕ್ಸ್ ಸುಮಾರು ಎರಡು ಗಂಟೆ ಕೆಲಸಕ್ಕೆ ಬಾರದಂತಾಯಿತು. ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ ಬಳಸುತ್ತಿದ್ದ ಕ್ಲೌಡ್ ಸೇವೆಯೊಂದರಲ್ಲಿ ಎಚ್‌ಟಿಟಿಪಿ/3 ಎಂಬ ಹೊಸ ಸಂವಹನ ವಿಧಾನ ಸದ್ದಿಲ್ಲದೆ ಚಾಲನೆಗೊಂಡಿತ್ತು. ಫೈರ್‌ಫಾಕ್ಸ್ ಕಳಿಸುವ ಸಂದೇಶದಲ್ಲಿ ಅದರ ಉದ್ದ ಸೂಚಿಸುವ ತಲೆಬರಹ ಸಣ್ಣಕ್ಷರದಲ್ಲಿತ್ತು, ಅದನ್ನು ಹುಡುಕುವ ಕೋಡಿನ ಸಾಲು ದೊಡ್ಡಕ್ಷರವನ್ನು ಹುಡುಕಿತು. ಅಂಥ ಭೇದವೇ ಇಲ್ಲದ ಲಿಪಿಯಲ್ಲಿ ಬರೆಯುವ ನಮಗೆ ಇದು ತಮಾಷೆ ಅನಿಸಬಹುದು. ಉದ್ದ ಸಿಗದೆ ಕೋಡ್ ಕೊನೆಯಿಲ್ಲದ ಸುತ್ತಿಗೆ ಬಿತ್ತು. ಬ್ರೌಸರ್‌ನ ಎಲ್ಲ ಜಾಲಸಂಪರ್ಕವೂ ಅದೇ ಒಂದು ಥ್ರೆಡ್ ಮೂಲಕ ಹೋಗುತ್ತಿದ್ದುದರಿಂದ ಯಾವ ಪುಟವೂ ಬರಲಿಲ್ಲ. ಇಂಥ ಅನುಮಾನ ಬಂದಾಗ ವೈಫೈ ನಿಲ್ಲಿಸಿ ಬ್ರೌಸರ್ ತೆರೆದು ನೋಡಬೇಕು. ಜಾಲವಿಲ್ಲದೆ ಸರಾಗವಾಗಿ ತೆರೆದು, ಜಾಲ ಸಿಕ್ಕೊಡನೆ ಹ್ಯಾಂಗ್ ಆದರೆ ಪ್ರೊಫೈಲಿಗೆ ಕೈಹಾಕುವ ಅಗತ್ಯವಿಲ್ಲ; ಆ ಹೊತ್ತಿಗೆ ಬೇರೆ ಬ್ರೌಸರಿನಲ್ಲಿ ಕೆಲಸ ಮುಗಿಸಿಕೊಳ್ಳಬಹುದು. ಅಂದು ಹಲವರು ಸೆಟ್ಟಿಂಗ್‌ಗಳ ಆಳಕ್ಕಿಳಿದು ಎಚ್‌ಟಿಟಿಪಿ/3 ಅನ್ನೇ ನಿಲ್ಲಿಸಿ ಪಾರಾದರು.