ಗೆದ್ದರಷ್ಟೇ ಫೀಸು: ಊರಿನ ಪರ ಹೊರಗಿನ ವಕೀಲರು, ಕ್ಯಾಲಿಫೋರ್ನಿಯಾದ ಎರಡು ತೀರ್ಪುಗಳು

ಅಮೆರಿಕದ ನಗರಗಳು, ಕೌಂಟಿಗಳು (ನಮ್ಮ ಜಿಲ್ಲೆಗಳಂಥವು) ತಮ್ಮ ದಾವೆಗಳಿಗೆ ಹೊರಗಿನ ವಕೀಲರನ್ನು ಇಟ್ಟುಕೊಳ್ಳಬಹುದು. ತಲೆ ತಿನ್ನುವುದು ಕಂಟಿಂಜೆನ್ಸಿ ಫೀಸು. ಗೆದ್ದರೆ ಬಂದ ಹಣದಲ್ಲಿ ಪಾಲು, ಸೋತರೆ ಏನೂ ಇಲ್ಲ. ಕಾನೂನು ಪರೀಕ್ಷೆಗೆ ಓದುತ್ತಿದ್ದರೆ ಇದರ ಬಗ್ಗೆ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಒಟ್ಟಿಗೆ ಓದಿ. ಬಿಡಿಬಿಡಿಯಾಗಿ ಓದಿದರೆ ಒಂದಕ್ಕೊಂದು ಜಗಳವಾಡಿದಂತೆ ಕಾಣುತ್ತವೆ.

ಕ್ಲಾನ್ಸಿ, 1985

ಕೊರೋನಾ ಎಂಬ ನಗರ ವಯಸ್ಕರ ಪುಸ್ತಕದಂಗಡಿಯೊಂದರ ಮೇಲೆ ಸಾರ್ವಜನಿಕ ಉಪದ್ರವದ (ಊರಿಗೆಲ್ಲ ತೊಂದರೆ ಕೊಡುತ್ತಿದೆ ಎಂಬ) ದಾವೆ ಹೂಡಲು ಕ್ಲಾನ್ಸಿ ಎಂಬ ಹೊರಗಿನ ವಕೀಲರೊಬ್ಬರನ್ನು ನೇಮಿಸಿತು. ಗೆದ್ದರೆ ಗಂಟೆಗೆ 60 ಡಾಲರ್, ಸೋತರೆ 30. ಸೋತರೂ ಸ್ವಲ್ಪ ಸಿಗುತ್ತದೆ ನಿಜ, ಆದರೆ ಫೀಸು ಫಲಿತಾಂಶದ ಮೇಲೆ ನಿಂತಿರುವುದರಿಂದ ಇದೂ ಕಂಟಿಂಜೆನ್ಸಿಯೇ. ಕೋರ್ಟು ಅವರನ್ನು ಆ ಪ್ರಕರಣದಿಂದ ಹೊರಗಿಟ್ಟಿತು.

ಯಾಕೆ? ಎಲ್ಲರೂ ಸಿಕ್ಕಿಕೊಳ್ಳುವುದು ಇಲ್ಲೇ, ಹಾಗಾಗಿ ನಿಧಾನವಾಗಿ ನೋಡೋಣ. ಸರ್ಕಾರವೂ ಒಬ್ಬ ಕಕ್ಷಿದಾರ ಅಲ್ವಾ, ಅದಕ್ಕೇಕೆ ಬೇರೆ ನಿಯಮ?

ನಗರ ಕಟ್ಟಿಸಿದ ಸೇತುವೆ ಬಿರುಕು ಬಿಟ್ಟಿತು ಅಂದುಕೊಳ್ಳಿ. ಗುತ್ತಿಗೆದಾರನಿಂದ ಹಣ ವಸೂಲಿ ಮಾಡಬೇಕು. ಇಲ್ಲಿ ನಗರ ಬೇರೆ ಯಾವುದೇ ಮಾಲೀಕನ ಹಾಗೇ. ಕಂಟಿಂಜೆನ್ಸಿ ಫೀಸು ನಡೆಯುತ್ತದೆ.

ಉಪದ್ರವದ ದಾವೆ ಹಾಗಲ್ಲ. ನಗರ ಅಲ್ಲಿ ಜನರ ಹೆಸರಿನಲ್ಲಿ, ಸರ್ಕಾರದ ಅಧಿಕಾರ ಹಿಡಿದು ಬರುತ್ತದೆ. ಅಂಗಡಿಗೆ ಬೀಗ ಬೀಳಬಹುದು, ಮಾಲೀಕನ ವಾಕ್ ಸ್ವಾತಂತ್ರ್ಯಕ್ಕೂ ಪೆಟ್ಟಾಗಬಹುದು. ಆದ್ದರಿಂದ ವಕೀಲ ಹೆಚ್ಚುಕಡಿಮೆ ಪ್ರಾಸಿಕ್ಯೂಟರ್ ಥರ ಇರಬೇಕು. ಗೆಲ್ಲುವುದಷ್ಟೇ ಅವನ ಕೆಲಸವಲ್ಲ, ಎದುರು ಪಕ್ಷಕ್ಕೂ ಅನ್ಯಾಯವಾಗಬಾರದು. ನಡುವೆ ಒಂದು ದಾಖಲೆ ಸಿಕ್ಕಿ ಪ್ರತಿವಾದಿಯ ತಪ್ಪಿಲ್ಲ ಅನ್ನಿಸಿದರೆ ದಾವೆ ಕೈಬಿಡಬೇಕು. ಬಿಟ್ಟರೆ ತನ್ನ ಸಂಪಾದನೆಯೇ ಅರ್ಧವಾಗುತ್ತದೆ ಎಂಬ ವಕೀಲ ಹೇಗೆ ಬಿಡುತ್ತಾನೆ? ಅವನು ಕೆಟ್ಟವನು ಅಂತ ಕೋರ್ಟು ಹೇಳುತ್ತಿಲ್ಲ. ಆ ಏರ್ಪಾಡೇ ಸರಿಯಿಲ್ಲ ಅನ್ನುತ್ತಿದೆ.

ಸಾಂಟಾ ಕ್ಲಾರಾ, 2010

ಸೀಸದ ಬಣ್ಣ ತಯಾರಿಸಿದ ಕಂಪನಿಗಳ ಮೇಲೆ ಸಾಂಟಾ ಕ್ಲಾರಾ ಕೌಂಟಿ ಮತ್ತಿತರರು ಹೂಡಿದ ದಾವೆ ಇದು. ಇದೂ ಸಾರ್ವಜನಿಕ ಉಪದ್ರವವೇ, ಇಲ್ಲೂ ಕಂಟಿಂಜೆನ್ಸಿ ಫೀಸು. ಆದರೂ ಕೋರ್ಟು ಒಪ್ಪಿತು. ಮನೆಗಳಿಗೆ ಸೀಸದ ಬಣ್ಣ ಬಳಸುವುದು 1978ರಲ್ಲೇ ನಿಷೇಧವಾಗಿತ್ತು. ಮುಚ್ಚಿಸಲು ಈಗ ನಡೆಯುತ್ತಿರುವ ವ್ಯಾಪಾರವಿಲ್ಲ, ವಾಕ್ ಸ್ವಾತಂತ್ರ್ಯದ ಮಾತೂ ಇಲ್ಲ. ಹಾಗಂತ ಇದು ಬರೀ ಹಣದ ಜಗಳವೂ ಅಲ್ಲ. ಅದಕ್ಕೇ ನಡುವಿನ ದಾರಿ: ಲಗಾಮು ಸರ್ಕಾರಿ ವಕೀಲರ ಕೈಯಲ್ಲಿರಬೇಕು.

ನನ್ನ ಪ್ರಕಾರ ಇಡೀ ವಿಷಯದ ಜೀವ ಇಲ್ಲಿದೆ. ಪ್ರಕರಣ ನಡೆಸುವ ಪೂರ್ತಿ ಹಿಡಿತ ಸರ್ಕಾರಿ ವಕೀಲರದ್ದು. ಹೊರಗಿನವರ ಯಾವ ನಿರ್ಧಾರವನ್ನಾದರೂ ಅವರು ತಳ್ಳಿಹಾಕಬಹುದು. ಮೇಲ್ವಿಚಾರಣೆಯ ಅಧಿಕಾರವಿರುವ ಒಬ್ಬ ಸರ್ಕಾರಿ ವಕೀಲ ಖುದ್ದಾಗಿ ತೊಡಗಿರಬೇಕು, ಸುಮ್ನೆ ಸಹಿ ಹಾಕಿದರೆ ಸಾಲದು. ರಾಜಿಯ ತೀರ್ಮಾನ ಅವರೊಬ್ಬರದ್ದೇ. ಪ್ರತಿವಾದಿ ಹೊರಗಿನ ವಕೀಲರನ್ನು ಬಿಟ್ಟು ನೇರವಾಗಿ ಸರ್ಕಾರಿ ವಕೀಲರ ಜೊತೆ ಮಾತಾಡಬಹುದು. ಇವು ಒಪ್ಪಂದದಲ್ಲೇ ಬರೆದಿರಬೇಕು. ಪರೀಕ್ಷೆಯಲ್ಲಿ ಒಪ್ಪಂದದ ಸಾಲುಗಳನ್ನು ಕೊಟ್ಟಿದ್ದರೆ ಮೊದಲು ರಾಜಿಯ ಸಾಲು ಹುಡುಕಿ. ಜಾಸ್ತಿ ಪ್ರಶ್ನೆಗಳು ಅಲ್ಲೇ ಬಗೆಹರಿಯುತ್ತವೆ.

ಪ್ರಕರಣದ ಕೊನೆ ಬೇಕಾದವರಿಗೆ: 2000ದಲ್ಲಿ ಶುರುವಾದ ದಾವೆ 2019ರಲ್ಲಿ 30.5 ಕೋಟಿ ಡಾಲರ್‌ಗೆ ರಾಜಿಯಾಯಿತು.

ಪರೀಕ್ಷೆಯಲ್ಲಿ ಭಾರತದ ಕಾನೂನಿನ ಬಗ್ಗೆ ಕೇಳಿದರೆ ಆ ಉತ್ತರದಲ್ಲಿ ಇದನ್ನು ಬೆರೆಸಬೇಡಿ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳ ಪ್ರಕಾರ ಫಲಿತಾಂಶದ ಮೇಲೆ ಫೀಸು ನಿಗದಿ ಮಾಡುವಂತಿಲ್ಲ, ಬಂದದ್ದರಲ್ಲಿ ಪಾಲು ಕೇಳುವಂತೆಯೂ ಇಲ್ಲ. ನಮ್ಮ ನಗರಸಭೆಯ ವಕೀಲರಿಗೂ ಅದೇ ನಿಯಮ.