ರಾತ್ರಿ ಎಣಿಸಿದ ಊರು ಹಗಲಲ್ಲಿ ಎಲ್ಲಿಗೆ ಹೋಗುತ್ತದೆ?

ಕೆಜಿಎಫ್‌ನ ಮಾರಿಕುಪ್ಪಂನಿಂದ ಬೆಳಗ್ಗೆ ಬೆಂಗಳೂರಿಗೆ ಹೊರಡುವ ರೈಲನ್ನು ಒಮ್ಮೆ ಹತ್ತಿ ನೋಡಿ. ಬಂಗಾರಪೇಟೆ ದಾಟುವಷ್ಟರಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಜನಕ್ಕೆ ಉಳಿದ ದಾರಿ ಇದು. ಹೆಚ್ಚುಕಡಿಮೆ ನೂರು ಕಿಲೋಮೀಟರ್ ಹೋಗಿ, ದುಡಿದು, ರಾತ್ರಿ ಅಷ್ಟೇ ದೂರ ವಾಪಸ್ ಬರಬೇಕು. ಹಗಲೆಲ್ಲ ಇವರು ಬೆಂಗಳೂರಿನವರೇ. ಇಲ್ಲೇ ಊಟ, ಇಲ್ಲಿನ ಬಸ್ಸಲ್ಲೇ ನೇತಾಟ. ಜನಗಣತಿಯಲ್ಲಿ ಮಾತ್ರ ಕೋಲಾರ ಜಿಲ್ಲೆಯವರು. ಏಕೆಂದರೆ ಗಣತಿಗೆ ಬೇಕಿರುವುದು ನೀವು ಎಲ್ಲಿ ಮಲಗುತ್ತೀರಿ ಅನ್ನುವುದು.

ಬೆಂಗಳೂರಿಗೆ ಸುರಂಗ ರಸ್ತೆ ಬೇಕಾ, ಮೆಟ್ರೋ ಸಾಕಾ, ಬಸ್ ಜಾಸ್ತಿ ಮಾಡಬೇಕಾ ಎಂಬ ಜಗಳ ಬಂದಾಗೆಲ್ಲ ಒಬ್ಬೊಬ್ಬರು ಒಂದೊಂದು ನಕ್ಷೆ ಹಿಡಿದು ಬರುತ್ತಾರೆ. ಒಂದಕ್ಕೊಂದು ತಾಳೆಯಾಗುವುದಿಲ್ಲ. ಈ ಊರಿನ ಜನ ದಿನಾ ಎಲ್ಲಿಂದ ಎಲ್ಲಿಗೆ ಓಡಾಡುತ್ತಾರೆ ಅನ್ನುವುದನ್ನು ಯಾರು, ಯಾತಕ್ಕೆ ಬರೆದಿಟ್ಟರು ಅಂತ ನೋಡಿದರೆ ಗೋಜಲು ಸ್ವಲ್ಪ ಬಿಡಿಸಿಕೊಳ್ಳುತ್ತದೆ.

1949ರಲ್ಲಿ ಹಳೆಯ ಪೇಟೆ ಮತ್ತು ಬ್ರಿಟಿಷರ ದಂಡು (ಕಂಟೋನ್ಮೆಂಟ್) ಒಂದಾದವು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಬೆಳೆದವು. ಕಾರ್ಖಾನೆ ಬಸ್ಸುಗಳೂ ಸೈರನ್ನೂ ಇದ್ದ ಆ ಕಾಲದಲ್ಲಿ ಯಾರು ಎಲ್ಲಿಗೆ ಹೋಗುತ್ತಾರೆ ಅಂತ ಹೇಳಲು ನಕ್ಷೆ ಬೇಕಿರಲಿಲ್ಲ.

ನನಗೆ ಚೆನ್ನಾಗಿ ಗೊತ್ತಿರುವುದು ಬಸ್ಸಿನ ಕಥೆ. ಬಿಎಂಟಿಸಿಗೂ ಮೊದಲಿನ ಸಿಟಿ ಬಸ್ಸು ಬಿಟಿಎಸ್ ಅಂದರೆ 'ಬಿಟ್ರೆ ತಿರ್ಗಾ ಸಿಗಲ್ಲ' ಅಂತ ಜನ ನಗುತ್ತಿದ್ದರಲ್ಲ, ಆ ಕಾಲದ್ದು. ಕಂಡಕ್ಟರ್ ಕೈಯಲ್ಲಿ ಬಣ್ಣಬಣ್ಣದ ಟಿಕೆಟ್ ಕಟ್ಟು, ಕಂಕುಳಲ್ಲಿ ಚರ್ಮದ ಬ್ಯಾಗು. ಸ್ಟೇಜ್, ಅಂದರೆ ದರ ಬದಲಾಗುವ ಸ್ಟಾಪು, ಬಂತು ಅಂದರೆ ವೇ ಬಿಲ್ ತೆಗೆದು ಯಾವ ದರದ ಟಿಕೆಟ್ ಎಷ್ಟನೇ ನಂಬರಿಗೆ ಬಂದಿದೆ ಅಂತ ಗೀಚಬೇಕು. ಬರೆದು ಮುಗಿಯುವ ತನಕ 'ರೈಟ್ ರೈಟ್' ಇಲ್ಲ. ಇದು ದುಡ್ಡಿನ ಲೆಕ್ಕಕ್ಕೆ ಮಾಡಿದ ಹಾಳೆ. ಆದರೆ ಯಾವ ಸ್ಟೇಜಲ್ಲಿ ಎಷ್ಟು ಜನ ಹತ್ತಿದರು, ಕೊಟ್ಟ ದುಡ್ಡಿಗೆ ಎಷ್ಟು ದೂರ ಹೋಗಬಹುದು ಅನ್ನುವುದೆಲ್ಲ ಅದರಲ್ಲೇ ಇರುತ್ತಿತ್ತು. ಲೆಕ್ಕ ಸರಿಹೋದ ಮೇಲೆ ಆ ಕಣ್ಣಿಂದ ಅದನ್ನು ಯಾರು ನೋಡಬೇಕು?

ಆಮೇಲೆ ಪಾಸ್ ಬಂತು. ಜನಕ್ಕೆ ಅನುಕೂಲ, ನಕ್ಷೆಗೆ ಕತ್ತಲು. ಪಾಸ್ ತೋರಿಸಿ ಹತ್ತಿದವರು ಎಲ್ಲಿ ಇಳಿದರು ಅಂತ ಯಾವ ಹಾಳೆಯೂ ಹೇಳುವುದಿಲ್ಲ. 1997ರಲ್ಲಿ ಬಿಎಂಟಿಸಿ ಬೇರೆ ಸಂಸ್ಥೆಯಾಯಿತು, ಮುಂದೆ ಟಿಕೆಟ್ ಮಷೀನೂ ಬಂತು. ಹತ್ತಿದ ಸ್ಟಾಪು, ಇಳಿಯುವ ಸ್ಟಾಪು ಎರಡೂ ದಾಖಲಾಗತೊಡಗಿದವು. ಆದರೆ ಇಲ್ಲೊಂದು ತಮಾಷೆ ಇದೆ. ಕೆಂಗೇರಿಯಿಂದ ಹೆಬ್ಬಾಳಕ್ಕೆ ಹೋಗುವವರು ಮೆಜೆಸ್ಟಿಕ್‌ನಲ್ಲಿ ಬಸ್ ಬದಲಿಸುತ್ತಾರೆ ಅಂತಿಟ್ಟುಕೊಳ್ಳಿ. ಎರಡು ಟಿಕೆಟ್. ಮಷೀನಿಗೆ ಅದು ಇಬ್ಬರು ಬೇರೆ ಬೇರೆ ಜನ, ಒಬ್ಬರು ಮೆಜೆಸ್ಟಿಕ್‌ಗೆ ಹೋದವರು, ಇನ್ನೊಬ್ಬರು ಮೆಜೆಸ್ಟಿಕ್‌ನಿಂದ ಹೊರಟವರು. ಇಂಥ ಟಿಕೆಟ್‌ಗಳನ್ನೆಲ್ಲ ಕೂಡಿಸಿದರೆ ಇಡೀ ಊರಿಗೆ ಮೆಜೆಸ್ಟಿಕ್‌ನಲ್ಲೇ ಏನೋ ಕೆಲಸ ಇದೆ ಅನ್ನಿಸುತ್ತದೆ. ಕೆಲಸ ಇರುವುದು ನಿಜವಾಗಿ ಬಸ್ ಬದಲಿಸುವುದಷ್ಟೇ, ಅಲ್ವಾ?

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಹೆಂಗಸರಿಗೆ ಪ್ರಯಾಣ ಉಚಿತ, ಆದರೆ ಶೂನ್ಯ ದರದ ಟಿಕೆಟ್ ಹರಿಯಲೇಬೇಕು, ಸರ್ಕಾರ ದುಡ್ಡು ಕಟ್ಟಿಕೊಡುವುದು ಅದರ ಲೆಕ್ಕದ ಮೇಲೆ. ಯೋಜನೆ ಬಗ್ಗೆ ಪರ ವಿರೋಧ ಬೇಕಾದಷ್ಟು ನಡೆದಿದೆ. ಇದರ ಜತೆಗೆ ಇನ್ನೊಂದಾಯಿತು, ಅದನ್ನು ಯಾರೂ ಅಷ್ಟಾಗಿ ಮಾತಾಡಲಿಲ್ಲ. ಪಾಸಿನ ಹಿಂದೆ ಕಾಣದೆ ಹೋಗಿದ್ದ, ಎರಡು ಸ್ಟಾಪ್ ಆದರೆ ನಡೆದೇ ಹೋಗುತ್ತಿದ್ದ ಹೆಂಗಸರ ಓಡಾಟ ಟ್ರಿಪ್ ಟ್ರಿಪ್ಪಿಗೂ ದಾಖಲೆಗೆ ಬರತೊಡಗಿತು. ಪೂರ್ತಿ ನಂಬುವ ಹಾಗಿಲ್ಲ ಅನ್ನುವುದೂ ಸರಿಯೇ. ದುಡ್ಡಿಲ್ಲದ ಟಿಕೆಟ್ ಮೇಲೆ ಇಳಿಯುವ ಜಾಗ ತಪ್ಪು ಬಿದ್ದಿದ್ದರೆ ಯಾರು ಜಗಳಕ್ಕೆ ನಿಲ್ಲುತ್ತಾರೆ?

ಬಸ್ಸಿನಾಚೆ ನಡೆದದ್ದು ಸರ್ವೆಗಳು. ಮೆಟ್ರೋಗೆ, ಮೇಲ್ಸೇತುವೆಗೆ, ಮಾಸ್ಟರ್ ಪ್ಲಾನ್‌ಗೆ ಅಂತ ಒಂದೊಂದಕ್ಕೂ ಒಂದೊಂದು. ಕಾಲೇಜಿನಲ್ಲಿದ್ದಾಗ ದಿನಗೂಲಿಗೆ ಇಂಥದ್ದೊಂದರಲ್ಲಿ ನಾನೂ ಕೆಲಸ ಮಾಡಿದ್ದೆ. ಜಂಕ್ಷನ್‌ನಲ್ಲಿ ನಿಂತು ಗಾಡಿಗೊಂದು ಗೀಟು ಎಳೆಯಬೇಕು, ಐದನೆಯದು ಅಡ್ಡ. ಒಬ್ಬರೇ ಕೂತ ಕಾರಿಗೂ ಒಂದು ಗೀಟು, ಬಾಗಿಲಲ್ಲಿ ಜನ ನೇತಾಡುವ ಬಸ್ಸಿಗೂ ಒಂದೇ ಗೀಟು. ನಡೆದು ಹೋಗುವವರಿಗೆ ನನಗೆ ಕೊಟ್ಟ ಹಾಳೆಯಲ್ಲಿ ಕಾಲಮ್ಮೇ ಇರಲಿಲ್ಲ. ಇನ್ನೊಂದು ವಾರ ಮನೆಮನೆ ಸರ್ವೆ. 'ನಿನ್ನೆ ಮನೆಯವರು ಎಲ್ಲೆಲ್ಲಿ ಹೋಗಿದ್ರು?' ಅಂತ ಕೇಳಬೇಕು. ಒಬ್ಬ ಗೃಹಿಣಿ ಗಂಡನ ಆಫೀಸು, ಮಗಳ ಟ್ಯೂಷನ್ ಎಲ್ಲ ಹೇಳಿ, 'ನಾನೆಲ್ಲೂ ಹೋಗಿಲ್ಲಪ್ಪ, ಮನೇಲೇ ಇದ್ದೆ' ಅಂದರು. ನೀರು ತಂದುಕೊಟ್ಟು ಮಾತಾಡುತ್ತಾ ಕೂತಾಗ ಗೊತ್ತಾಯಿತು: ಮಗುವನ್ನು ಸ್ಕೂಲಿಗೆ ಬಿಟ್ಟು, ರೇಷನ್ ಅಂಗಡಿಗೆ ಹೋಗಿ, ಮತ್ತೆ ಮಗುವನ್ನು ಕರೆತಂದು, ಸಂಜೆ ತರಕಾರಿಗೂ ಹೋಗಿದ್ದರು. ಅಷ್ಟರಲ್ಲಿ ಫಾರಂನಲ್ಲಿ ನಾನು ಸೊನ್ನೆ ಬರೆದಾಗಿತ್ತು. ತಿದ್ದಿದೆ. ಬೇರೆ ಮನೆಗಳಲ್ಲಿ ಎಷ್ಟು ಸೊನ್ನೆ ಹಾಗೇ ಉಳಿದವೋ.

2011ರ ಜನಗಣತಿ ಕೆಲಸಕ್ಕೆ ಹೋಗುವವರನ್ನು ಎಷ್ಟು ದೂರ, ಯಾತರಲ್ಲಿ ಹೋಗುತ್ತೀರಿ ಅಂತ ಕೇಳಿತ್ತು. ಒಳ್ಳೆಯ ಪ್ರಶ್ನೆ. ಆದರೆ ಯಾವ ಕಡೆಗೆ ಅಂತ ಕೇಳಲಿಲ್ಲ. ಹತ್ತು ಕಿಲೋಮೀಟರ್ ಅಂದರೆ ವೈಟ್‌ಫೀಲ್ಡ್ ಕಡೆಗೋ ಪೀಣ್ಯದ ಕಡೆಗೋ?

ಮುಂದೆ ಫೋನು ಬಂತು, ನಕ್ಷೆ ತಾನಾಗೇ ಬಿಡಿಸಿಕೊಳ್ಳುತ್ತದೆ ಅಂತ ಎಲ್ಲರೂ ಅಂದುಕೊಂಡರು. ಟಾಮ್‌ಟಾಮ್ ಕಂಪನಿಯ 2019ರ ಪಟ್ಟಿಯಲ್ಲಿ ಬೆಂಗಳೂರೇ ಜಗತ್ತಿನಲ್ಲಿ ಅತಿ ಹೆಚ್ಚು ದಟ್ಟಣೆಯ ನಗರ, ಖಾಲಿ ರಸ್ತೆಗಿಂತ ಸರಾಸರಿ 71% ಜಾಸ್ತಿ ಹೊತ್ತು. ಅದೂ ಗಾಡಿಯ ವೇಗದ ಲೆಕ್ಕ, ಒಳಗೆ ಎಷ್ಟು ಜನ ಕೂತಿದ್ದಾರೆ ಅನ್ನುವುದಲ್ಲ. ಕೋವಿಡ್ ಬಂದಾಗ ಗೂಗಲ್ 2020ರ ಏಪ್ರಿಲ್‌ನಿಂದ ಜನರ ಓಡಾಟದ ವರದಿ ಕೊಡಲು ಶುರುಮಾಡಿತು, 2022ರ ಅಕ್ಟೋಬರ್‌ನಲ್ಲಿ ನಿಲ್ಲಿಸಿತು. ಅವರ ಡೇಟಾ, ಅವರಿಷ್ಟ.

ಈಗ ಮೆಟ್ರೋ ಗೇಟಿಗೆ ಎಲ್ಲಿ ಹತ್ತಿದಿರಿ, ಎಲ್ಲಿ ಇಳಿದಿರಿ ಎರಡೂ ಗೊತ್ತು, ಗೇಟಿನಾಚೆ ಆಟೋ ಹಿಡಿದಿರೋ ಮಳೆಯಲ್ಲಿ ನಡೆದಿರೋ ಗೊತ್ತಿಲ್ಲ. ಬಸ್ಸಿನದು ಬಸ್ಸಿನವರ ಹತ್ತಿರ, ಕ್ಯಾಬಿನದು ಕಂಪನಿಯ ಹತ್ತಿರ. ಇವನ್ನೆಲ್ಲ ಒಂದೇ ಕಡೆಯಿಂದ ನೋಡಲೆಂದೇ ಭೂ ಸಾರಿಗೆ ಪ್ರಾಧಿಕಾರದ ಕಾಯ್ದೆ 2022ರಲ್ಲಿ ಪಾಸಾಯಿತು. ಅಷ್ಟರಲ್ಲಿ ಗಡಿಯೂ ಬದಲಾಯಿತು. 2011ರ ಅಂಕಿಗಳು 198 ವಾರ್ಡ್‌ಗಳ ಬಿಬಿಎಂಪಿಯವು, 2025ರ ಸೆಪ್ಟೆಂಬರ್‌ನಿಂದ ಊರಿಗೆ ಐದು ಪಾಲಿಕೆ. ಹಳೆಯದನ್ನು ಹೊಸದರ ಪಕ್ಕ ಇಟ್ಟು ನೋಡುವವರಿಗೆ ತಲೆನೋವು.

ಮುಂದಿನ ಜನಗಣತಿಯ ಲೆಕ್ಕ 2027ರ ಮಾರ್ಚ್ 1ರ ಸೊನ್ನೆ ಗಂಟೆಗೆ. ಅಂದರೆ ನಡುರಾತ್ರಿ. ಆ ಹೊತ್ತಿಗೂ ಔಟರ್ ರಿಂಗ್ ರಸ್ತೆಯಲ್ಲಿ ನೈಟ್ ಶಿಫ್ಟ್‌ನವರ ಕ್ಯಾಬ್‌ಗಳು ಓಡುತ್ತಲೇ ಇರುತ್ತವೆ.